ಬಟ್ಟೆ ಕಾಯುವ ಕೆಲಸ

ಫೆಬ್ರವರಿ 3

ಅತ್ತಿಗೆ,

ಫೋನಿನಲ್ಲಿ ನನ್ನ ಮಾತು ನಿಮಗೆ ಕೇಳಿಸುವುದಿಲ್ಲ. ನಾನು ಕಿರುಚಿದರೆ ಪಕ್ಕದ ಮನೆಯವರು ಗಂಡ ಹೆಂಡತಿ ಜಗಳ ಅಂದುಕೊಳ್ಳುತ್ತಾರೆ. ಅದಕ್ಕೆ ಕಾಗದವೇ ಸರಿ. ಹೊಲಿಗೆ ಮೆಷಿನ್ನಿನ ಹಲಗೆಯ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಸಾಲು ಓರೆಯಾಗಿದ್ದರೆ ತಿದ್ದಿಕೊಳ್ಳಿ, ಅದು ನಿಮಗೆ ಅಭ್ಯಾಸವಾದ ಕೆಲಸ ತಾನೇ.

ನಿಮ್ಮ ತಮ್ಮ ಹಾಗೆಯೇ ಇದ್ದಾರೆ. ಪಾರ್ಶ್ವವಾಯು ಹೊಡೆದು ಐದು ತಿಂಗಳಾಯಿತು. ಬಲಗೈ ಇಟ್ಟ ಕಡೆ ಇರುತ್ತದೆ, ಬಲಗಾಲು ಎಳೆದ ಕಡೆ ಬರುತ್ತದೆ. ಹೊಸ ಮಾತು ಒಂದೂ ಬಂದಿಲ್ಲ. ಉಳಿದಿರುವುದು ಅದೇ ಒಂದು, ‘ಬಿಡು’. ಹಸಿವಾದರೂ ಬಿಡು, ಹೊಟ್ಟೆ ತುಂಬಿದರೂ ಬಿಡು. ಕಿಟಕಿ ತೆಗೆ ಅನ್ನುವುದಕ್ಕೂ ಅದೇ, ಮುಚ್ಚು ಅನ್ನುವುದಕ್ಕೂ ಅದೇ. ಕೆಲವರಿಗೆ ಹೀಗೆ ಒಂದೇ ಮಾತು ಉಳಿಯುತ್ತದೆ, ಅದಕ್ಕೆ ಅರ್ಥ ಹುಡುಕುತ್ತಾ ಕೂರಬೇಡಿ ಅಂತ ಡಾಕ್ಟರ್ ಹೇಳುತ್ತಾರೆ. ಹುಡುಕದೆ ಇರುವುದು ಹೇಗೆ? ನಾನು ಎರಡು ಕೈಯಲ್ಲಿ ತಬ್ಬಿ ಮಂಚದಿಂದ ಎಬ್ಬಿಸುವಾಗ ಮುಖಕ್ಕೆ ಮುಖ ಕೊಟ್ಟು ‘ಬಿಡು’ ಅನ್ನುತ್ತಾರೆ. ನನ್ನನ್ನು ಬಿಟ್ಟುಬಿಡು ಅಂತಲೇ ನನಗೆ ಕೇಳಿಸುತ್ತದೆ.

ಎಬ್ಬಿಸುವುದೇ ದೊಡ್ಡ ಪಾಡಾಗಿದೆ. ನನ್ನ ಸೊಂಟ ಮೊದಲಿನಂತಿಲ್ಲ. ಇವರು ಮಂಚದಿಂದ ಕುರ್ಚಿಗೆ ತಾವಾಗಿ ಬರುವಷ್ಟಾದರೆ ಮನೆಯಲ್ಲೇ ಇಟ್ಟುಕೊಳ್ಳಬಹುದು, ಇಲ್ಲವಾದರೆ ಆರೈಕೆ ಮನೆಗೆ ಸೇರಿಸುವುದೇ ಒಳ್ಳೆಯದು ಅಂತ ಆಸ್ಪತ್ರೆಯವರು ಹೇಳಿದ್ದಾರೆ. ನಾನು ಮೊನ್ನೆ ಹೋಗಿ ಅದನ್ನು ನೋಡಿಬಂದೆ. ಚೊಕ್ಕಟವಾಗಿದೆ. ಕಿಟಕಿಗಳು ಮೇಲಕ್ಕಿವೆ, ಕುರ್ಚಿಯಲ್ಲಿ ಕೂತವರಿಗೆ ಗೋಡೆ ಬಿಟ್ಟರೆ ಏನೂ ಕಾಣುವುದಿಲ್ಲ.

ಕೊನೆಯದಾಗಿ ಒಂದು ಪ್ರಯತ್ನ ಇದೆ. ಆಸ್ಪತ್ರೆಯ ಹಿಂಭಾಗದಲ್ಲಿ ಬೆಚ್ಚಗಿನ ನೀರಿನ ಕೊಳವೊಂದಿದೆ. ನೀರಿನಲ್ಲಿ ಮೈ ಹಗುರವಾಗುತ್ತದೆ, ಅಲ್ಲಿ ನಿಲ್ಲಲು ಕಲಿತರೆ ನೆಲದ ಮೇಲೂ ನಿಲ್ಲಬಹುದು ಅನ್ನುತ್ತಾರೆ. ಸೋಮವಾರದಿಂದ ಶುರು. ವ್ಯಾಯಾಮ ಹೇಳಿಕೊಡುವ ಫಿಸಿಯೋ ಮೇಡಂ ಕೇಳಿದರು, “ಇವರಿಗೆ ಈಜು ಬರುತ್ತಾ?” ನನಗೆ ನಗುವೇ ಬಂತು. “ಏನು ಮೇಡಂ ಹೀಗೆ ಕೇಳ್ತೀರ, ಪೇಪರಿನವರು ಇವರಿಗೆ ಈಜುಕವಿ ಅಂತಲೇ ಹೆಸರಿಟ್ಟಿದ್ದಾರೆ” ಅಂದೆ. ಎಷ್ಟೋ ದಿನದ ಮೇಲೆ ಇವರ ವಿಷಯದಲ್ಲಿ ನನಗೊಂದು ಜಂಬ ಬಂತು ಅತ್ತಿಗೆ.

ಇವರ ಸಮಗ್ರ ಕವಿತೆಗಳ ಕೆಲಸ ಎಲ್ಲಿಗೆ ಬಂತು? ಮುನ್ನುಡಿ ನೀವೇ ಬರೆಯುತ್ತೀರಂತೆ, ಪ್ರಕಾಶಕರು ಹೇಳಿದರು. ಸಂತೋಷ.

ಗುಬ್ಬಿ


ಫೆಬ್ರವರಿ 11

ಗುಬ್ಬಿ,

ನಿನ್ನ ಸಾಲು ಓರೆಯಾಗಿಲ್ಲ. ‘ಪಾರ್ಶ್ವವಾಯು’ವಿನಲ್ಲಿ ನೀನು ಒಂದು ಒತ್ತು ಬಿಟ್ಟಿದ್ದೆ, ನಾನೇ ಹಾಕಿಕೊಂಡೆ. ಅಚ್ಚಿನ ಮನೆಯಲ್ಲಿ ಕರಡು ತಿದ್ದಿ ತಿದ್ದಿ ಈ ಕಣ್ಣು ಹಾಳಾಗಿದೆ, ಬೇರೆಯವರ ಪ್ರೀತಿಯೂ ನನಗೆ ಕಾಗುಣಿತದ ಮೂಲಕವೇ ಕಾಣುವುದು.

ಮುನ್ನುಡಿ ಅನ್ನುವುದು ನನ್ನ ಕುತ್ತಿಗೆಗೆ ಬಂದು ಕೂತಿದೆ. ಪ್ರಕಾಶಕರು ಒಬ್ಬ ಪ್ರೊಫೆಸರರ ಟಿಪ್ಪಣಿಗಳನ್ನು ಕಳಿಸಿದ್ದಾರೆ, ಇದನ್ನೂ ಬಳಸಿಕೊಳ್ಳಿ ಅಂತ. ಅದರ ಪ್ರಕಾರ ನನ್ನ ತಮ್ಮನ ಕವಿತೆಗಳಲ್ಲಿ ನೀರು ಅಂದರೆ ಸಾವು. ಇನ್ನೊಂದು ಪುಟದಲ್ಲಿ ನೀರು ಅಂದರೆ ತಾಯಿಯ ಗರ್ಭ. ಮತ್ತೊಂದು ಕಡೆ ಕಾಲ. ಇಷ್ಟೆಲ್ಲ ಆದಮೇಲೆ ಆ ನೀರಿನಲ್ಲಿ ಒಬ್ಬ ಮನುಷ್ಯ ಕೈಕಾಲು ಆಡಿಸುವುದಕ್ಕೆ ಜಾಗ ಎಲ್ಲಿ ಉಳಿಯಿತು? ನನಗೆ ಸಾಕಾಗಿದೆ.

ನಾನು ಈ ಕಸುಬಿನಲ್ಲಿ ಎಷ್ಟು ಕಥೆ, ಎಷ್ಟು ಕಾದಂಬರಿ ತಿದ್ದಿದ್ದೇನೋ ಲೆಕ್ಕವಿಲ್ಲ. ಅದರಲ್ಲೆಲ್ಲ ನೀರಿಗಿಳಿದವರು ಒಂದೋ ಸಾಯುತ್ತಾರೆ, ಇಲ್ಲವೇ ಹೊಸ ಮನುಷ್ಯರಾಗಿ ಏಳುತ್ತಾರೆ. ಸುಮ್ಮನೆ ಚಳಿಯಾಗಿ, ಬೆರಳು ಸುಕ್ಕಾಗಿ, ಹಸಿದುಕೊಂಡು ಮನೆಗೆ ಬಂದವರು ಒಬ್ಬರೂ ಇಲ್ಲ. ನೆಗಡಿಯಾದವರಂತೂ ಇಲ್ಲವೇ ಇಲ್ಲ. ನಿನ್ನ ಗಂಡನ ಕವಿತೆಗಳಲ್ಲಿ ಚಳಿ ಇದೆ, ಸುಕ್ಕಾದ ಬೆರಳಿದೆ, ಕಿವಿಯಲ್ಲಿ ಉಳಿದ ನೀರಿದೆ. ಅದಕ್ಕೇ ಅವು ಬಾಳುತ್ತವೆ. ಇಷ್ಟನ್ನೇ ಬರೆದರೆ ಮುನ್ನುಡಿ ಒಂದು ಪುಟವೂ ಆಗುವುದಿಲ್ಲ, ಪ್ರಕಾಶಕರಿಗೆ ಹತ್ತು ಪುಟ ಬೇಕಂತೆ.

ನೀರಿಗೆ ಇಳಿಸುವ ಮುಂಚೆ ನನ್ನನ್ನೊಂದು ಮಾತು ಕೇಳಬಹುದಿತ್ತು. ಇರಲಿ, ಇಷ್ಟು ಹೊತ್ತಿಗೆ ಇಳಿಸಿಯೂ ಆಗಿರುತ್ತದೆ. ಕಾಲಿಗೆ ನೆಲೆ ಸಿಗುವ ಕಡೆಯೇ ಇರಲಿ. ಎರಡೂ ಕಡೆ ಜನ ಇರಲಿ. ಅವಸರ ಮಾಡಬೇಡಿ.

ಅವನ ‘ಬಿಡು’ ಹೇಗೆ ಕೇಳಿಸುತ್ತದೆ ಅಂತ ಬರೆ. ಉದ್ದವಾಗಿಯೋ, ತುಂಡಾಗಿಯೋ? ಹಾಳೆಯ ಮೇಲೆ ಎಲ್ಲ ‘ಬಿಡು’ಗಳೂ ಒಂದೇ ತರ ಕಾಣುತ್ತವೆ. ‘ಹೋಗಲಿ ಬಿಡು’ ಇದೆ, ‘ಗೊತ್ತು ಬಿಡು’ ಇದೆ, ‘ನೀನು ಬಿಡು, ದೊಡ್ಡ ಮನುಷ್ಯಳು’ ಅಂತ ಕಾಲೆಳೆಯುವುದೂ ಇದೆ. ಚಿಕ್ಕವನಿದ್ದಾಗ ನನಗೆ ಇದನ್ನೇ ಹೆಚ್ಚು ಅನ್ನುತ್ತಿದ್ದ.

ಅತ್ತಿಗೆ


ಫೆಬ್ರವರಿ 19

ಅತ್ತಿಗೆ,

ನಿಮ್ಮ ಕಾಗದ ಬರುವಷ್ಟರಲ್ಲಿ ಇಳಿಸಿ ಆಗಿತ್ತು.

ಏನು ಬರೆಯಲಿ. ಇಳಿಜಾರಿನಲ್ಲಿ ಗಾಲಿಕುರ್ಚಿ ತಳ್ಳಿಕೊಂಡು ಹೋಗಿ ಇಳಿಸುತ್ತಾರೆ. ಮೊಣಕಾಲಿನವರೆಗೆ ಸುಮ್ಮನಿದ್ದರು. ನೀರು ಸೊಂಟಕ್ಕೆ ಬಂದದ್ದೇ ತಡ, ಎಡಗೈಯಲ್ಲಿ ನನ್ನ ತೋಳು ಹಿಡಿದರು ನೋಡಿ, ಉಗುರು ನಾಟಿ ರಕ್ತ ಬಂತು. ಕಣ್ಣು ಹೊರಗೆ ಬಂದಿತ್ತು. “ಬಿಡು ಬಿಡು ಬಿಡು” ಅಂತ ಕಿರುಚಿದ್ದು ಹೊರಗೆ ಕಾರಿಡಾರಿನವರೆಗೆ ಕೇಳಿಸಿತಂತೆ. ಬಾಯಲ್ಲಿ ಬಿಡು, ಕೈಯಲ್ಲಿ ಹಿಡಿತ. ಪಕ್ಕದಲ್ಲಿ ಮಂಡಿ ನೋವಿನ ಅಜ್ಜಿಯರು ವ್ಯಾಯಾಮ ಮಾಡುತ್ತಿದ್ದರು, ಪಾಪ, ಎಲ್ಲರೂ ಗೋಡೆಯ ಕಡೆ ತಿರುಗಿಕೊಂಡರು.

ಮೇಲೆ ಕರೆತಂದು ಒರೆಸುವಾಗ ಫಿಸಿಯೋ ಮೇಡಂ ಮೆಲ್ಲಗೆ ಅಂದರು, “ಬೇಜಾರು ಮಾಡ್ಕೋಬೇಡಿ. ಈಜು ಗೊತ್ತಿರೋರು ಹೀಗೆ ಹೆದರೋದನ್ನ ನಾನು ನೋಡಿಲ್ಲ.” ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅಷ್ಟೊಂದು ಜಂಬ ಕೊಚ್ಚಿದ್ದೆನಲ್ಲ.

ಆಮೇಲೆ ಎರಡು ಸಲ ಪ್ರಯತ್ನಿಸಿದೆವು. ಅದೇ ಕಥೆ. ಇನ್ನು ಕೆಲವು ವಾರ ನೋಡೋಣ, ಆಗದಿದ್ದರೆ ಬೇರೆಯವರಿಗೆ ಆ ಹೊತ್ತು ಕೊಡುತ್ತೇವೆ ಅಂದಿದ್ದಾರೆ. ಅವರದೂ ತಪ್ಪಿಲ್ಲ.

ಮೆದುಳಿಗೆ ಪೆಟ್ಟಾದಾಗ ಕಲಿತದ್ದು ಮರೆತುಹೋಗುತ್ತದೆಯೇ? ಈಜು ಮರೆಯುತ್ತದೆಯೇ? ಡಾಕ್ಟರನ್ನು ಕೇಳಿದರೆ ‘ಹೇಳಲು ಬರುವುದಿಲ್ಲ’ ಅನ್ನುತ್ತಾರೆ. ನೀವು ಅವರ ಜೊತೆ ಹುಟ್ಟಿ ಬೆಳೆದವರು, ನಿಮಗಾದರೂ ಹೇಳಲು ಬರುತ್ತದೆಯೇ?

‘ಬಿಡು’ ಉದ್ದವೋ ತುಂಡೋ ಅಂತ ಕೇಳಿದ್ದೀರಿ. ದಿನವೆಲ್ಲ ಕೇಳಿಸಿಕೊಳ್ಳುವವಳಿಗೆ ಎಲ್ಲವೂ ಒಂದೇ. ಅಂಗಡಿಗೆ ತಿದ್ದಲು ಬಂದ ಪ್ಯಾಂಟುಗಳು ರಾಶಿ ಬಿದ್ದಿವೆ, ಮಾಲೀಕರು ಎರಡು ಸಲ ಹೇಳಿ ಕಳಿಸಿದರು. ಸಾಕು ಇವತ್ತಿಗೆ.

ಗುಬ್ಬಿ


ಮಾರ್ಚ್ 2

ಗುಬ್ಬಿ,

ಈ ಕಾಗದ ಬರೆಯಲು ಕೂತು ಎದ್ದು, ಕೂತು ಎದ್ದು ವಾರವಾಯಿತು.

ಅವನು ಈಜು ಮರೆತಿಲ್ಲ. ಅವನಿಗೆ ಈಜು ಯಾವತ್ತೂ ಬರುತ್ತಿರಲಿಲ್ಲ.

ಒಂದು ಸಲ ಉಸಿರು ತೆಗೆದುಕೊಂಡು ಮುಂದೆ ಓದು. ನಾವು ಚಿಕ್ಕವರಿದ್ದಾಗ ಮನೆಯಿಂದ ಸ್ವಲ್ಪ ದೂರದಲ್ಲಿ, ಕಲ್ಲು ತೆಗೆದು ಬಿಟ್ಟುಹೋದ ಒಂದು ಹೊಂಡವಿತ್ತು. ನೀರು ಕಪ್ಪಗೆ, ತಣ್ಣಗೆ. ಅಲ್ಲಿ ಈಜುತ್ತಿದ್ದವಳು ನಾನು. ಅಪ್ಪನಿಗೆ ಗೊತ್ತಾದರೆ ಕಾಲು ಮುರಿಯುತ್ತಿದ್ದರು, ಅದಕ್ಕೇ ತಮ್ಮನನ್ನು ಕರೆದುಕೊಂಡು ಹೋಗುತ್ತಿದ್ದೆ. ನನ್ನ ಒಣ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಬಂಡೆಯ ಮೇಲೆ ಕೂರುವುದು, ಯಾರಾದರೂ ಬಂದರೆ ಸಿಳ್ಳೆ ಹೊಡೆಯುವುದು, ಇದು ಅವನ ಕೆಲಸ. ನೀರಿಗೆ ಬಾ ಅಂದರೆ “ನೀನು ಬಿಡು, ಮೀನಿನ ಜಾತಿ” ಅನ್ನುತ್ತಿದ್ದ. ಪಾದ ಕೂಡ ಅದ್ದುತ್ತಿರಲಿಲ್ಲ. ಹೆದರಿಕೆ ಅಂತ ಅವನೂ ಹೇಳಲಿಲ್ಲ, ನಾನೂ ಹೇಳಿಸಲಿಲ್ಲ.

ಹಲ್ಲು ಕಟಕಟ ಅನ್ನುತ್ತಾ ಮೇಲೆ ಬಂದಾಗ ಬಟ್ಟೆ ಕೊಡುವ ಮುಂಚೆ ಪ್ರಶ್ನೆ ಕೇಳುತ್ತಿದ್ದ. “ಒಳಗೆ ಹೇಗಿತ್ತು? ಬಣ್ಣ ಏನು? ಏನು ಕೇಳಿಸ್ತು?” ಹೇಳದಿದ್ದರೆ ಬಟ್ಟೆ ಇಲ್ಲ. ಬಾಯಿಗೆ ಬಂದದ್ದು ಹೇಳುತ್ತಿದ್ದೆ. “ಕಿವಿ ಮುಳುಗಿದ ತಕ್ಷಣ ಊರು ನಿಂತುಹೋಗುತ್ತೆ ಕಣೋ” ಅಂದಿದ್ದೆ ಒಂದು ದಿನ. ಎಷ್ಟೋ ವರ್ಷದ ಮೇಲೆ, ಅವನ ಮೊದಲ ಪುಸ್ತಕದ ಕರಡು ನನ್ನ ಮೇಜಿನ ಮೇಲೆ ಬಂತು. ತೆಗೆದರೆ ಎರಡನೆಯ ಕವಿತೆ:

ಕಿವಿ ಮುಳುಗಿದ ಕ್ಷಣ
ಊರು ನಿಂತಿತು.

ನಾನು ಅಲ್ಲೊಂದು ಅಲ್ಪವಿರಾಮ ತೆಗೆದುಹಾಕಿದೆ, ಅಷ್ಟೇ. ಕೋಪ ಬಂತೇ ಅಂತ ಕೇಳುತ್ತೀಯ. ಬಂತು. ಅವತ್ತು ಊಟ ಸೇರಲಿಲ್ಲ. ಹೇಳಿದವಳು ನಾನು, ಹೇಳಿ ಮರೆತೆ. ಅವನು ಮರೆಯಲಿಲ್ಲ, ಕೂತು ಬರೆದ. ಬರೆಯುವುದು ಅಂದರೆ ಅದೇ ಇರಬೇಕು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕಿವಿ ಕೆಟ್ಟು ನಾನು ನೀರು ಬಿಟ್ಟ ಮೇಲೆ ಆ ಹೊಂಡ ಉಳಿದದ್ದು ಅವನ ಪುಸ್ತಕದಲ್ಲಿ ಮಾತ್ರ. ಹೋಗಿಬರಬೇಕು ಅನ್ನಿಸಿದಾಗ ಪುಟ ತಿರುಗಿಸುತ್ತಿದ್ದೆ.

ನಿನಗೆ ಹೇಳಬಾರದು ಅಂತ ಇರಲಿಲ್ಲ. ನೀನು ಅವನ ಕವಿತೆ ಓದಿ ಮೆಚ್ಚಿ ಮದುವೆಯಾದವಳು. ನಿನ್ನ ಮುಂದೆ ಅವನ ಮರ್ಯಾದೆ ಯಾಕೆ ಕಳೆಯಲಿ ಅಂತ ಸುಮ್ಮನಿದ್ದೆ.

ಅತ್ತಿಗೆ


ಮಾರ್ಚ್ 9

ಅತ್ತಿಗೆ,

ಓದಿ ಮೊದಲು ನಕ್ಕೆ. ಆಮೇಲೆ ಮೆಷಿನ್ನಿನ ಮೇಲೆ ತಲೆಯಿಟ್ಟು ಅತ್ತೆ. ಆಮೇಲೆ ಒಳಗೆ ಹೋಗಿ ಇವರ ಮುಂದೆ ನಿಂತು, “ಏನ್ರೀ ಈಜುಕವಿ” ಅಂದೆ. “ಬಿಡು” ಅಂದರು.

ಮದುವೆಯಾದ ಹೊಸದರಲ್ಲಿ ಸಮುದ್ರಕ್ಕೆ ಹೋಗಿದ್ದೆವು. ಇವರು ಪ್ಯಾಂಟು ಮಡಿಸಿಕೊಂಡು ನೀರಿನ ಅಂಚಿನಲ್ಲಿ ನಿಂತು ದೂರ ದೂರ ನೋಡಿದರು. “ಇದು ಈಜೋ ನೀರಲ್ಲ” ಅಂದರು. ಇನ್ನೊಂದು ಸಲ ನದಿಗೆ ಹೋದಾಗ “ಇಲ್ಲಿ ಸುಳಿ ಇದೆ, ನಿನಗೆ ಗೊತ್ತಾಗಲ್ಲ” ಅಂದರು. ಹೋಟೆಲ್ಲಿನ ಈಜುಕೊಳ ನೋಡಿ “ಥೂ, ಬರೀ ಔಷಧಿ ವಾಸನೆ” ಅಂತ ಮೂಗು ಮುಚ್ಚಿಕೊಂಡರು. ಅಬ್ಬಾ, ನೀರಿನ ವಿಷಯ ಎಷ್ಟು ಬಲ್ಲವರು ಅಂತ ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ನನ್ನಂಥ ಪೆದ್ದಿಯನ್ನು ಹುಡುಕಿದರೂ ಸಿಗುವುದಿಲ್ಲ.

ಇನ್ನೊಂದು ವಿಷಯ. ನೀವು ಹೇಳಿದ್ದಕ್ಕೆ ಪ್ರತಿಯಾಗಿ ನಾನೂ ಹೇಳುತ್ತೇನೆ. ಆ ಕವಿತೆಗಳಲ್ಲಿ ಒಬ್ಬಳು ಬರುತ್ತಾಳಲ್ಲ, ‘ನೀನು’. ನೀನು ಇಳಿದಾಗ ನೀರು ಜಾಗ ಕೊಟ್ಟಿತು, ನೀನು ಎದ್ದಾಗ ನಿನ್ನ ಕೂದಲಿಂದ ಸಂಜೆ ತೊಟ್ಟಿಕ್ಕಿತು, ಅಂತೆಲ್ಲ. ಆ ‘ನೀನು’ ನಾನಲ್ಲ ಅಂತ ನನಗೆ ಮೊದಲಿನಿಂದ ಗೊತ್ತಿತ್ತು. ನನಗೆ ಈಜು ಬರುವುದಿಲ್ಲ, ನನ್ನ ಕೂದಲು ಭುಜಕ್ಕಿಂತ ಕೆಳಗೆ ಯಾವತ್ತೂ ಇಳಿದಿಲ್ಲ. ಯಾರೋ ಒಬ್ಬಳು ಇದ್ದಳು, ಮದುವೆಗೆ ಮುಂಚೆ, ಚೆನ್ನಾಗಿ ಈಜುತ್ತಿದ್ದವಳು ಅಂತ ಅಂದುಕೊಂಡಿದ್ದೆ. ಕೇಳಲಿಲ್ಲ. ಕೇಳಿದರೆ ಹೇಳಿಬಿಡುತ್ತಾರೆ ಅನ್ನುವ ಹೆದರಿಕೆ. ಇಷ್ಟು ವರ್ಷ ಅವಳ ಮೇಲೆ ಹೊಟ್ಟೆಕಿಚ್ಚು ಪಟ್ಟುಕೊಂಡು, ಅವಳಿಗಿಂತ ಚೆನ್ನಾಗಿ ಬಾಳಿ ತೋರಿಸಬೇಕು ಅಂತ ಸಂಸಾರ ಮಾಡಿದೆ. ನೋಡಿದರೆ ಅವಳು ನೀವು. ಹಬೆಯಾಡುವ ಕಾಫಿ ಲೋಟ ಹಿಡಿದು, ಕನ್ನಡಕ ಹಣೆಯ ಮೇಲೆ ಏರಿಸಿಕೊಂಡು ಕೂರುವ ನೀವು! ಇಷ್ಟು ದಿನದ ಹೊಟ್ಟೆಕಿಚ್ಚನ್ನು ಈಗ ಎಲ್ಲಿಗೆ ಸುರಿಯಲಿ ಹೇಳಿ.

ಕೋಪವಿಲ್ಲ. ಕೋಪ ಮಾಡಿಕೊಳ್ಳಲು ತ್ರಾಣ ಬೇಕು. ಈಗ ಒಂದು ಉಪಕಾರ ಮಾಡಿ. ನಿಮ್ಮ ತಮ್ಮ ಈಜು ಮರೆತವರಲ್ಲ, ಕಲಿಯದವರು ಅಂತ ಫಿಸಿಯೋ ಮೇಡಂಗೆ ಹೇಳಿದೆ. “ಹಾಗಾದ್ರೆ ಸುಲಭ ಆಯ್ತು, ಮೊದಲಿಂದ ಶುರು ಮಾಡೋಣ” ಅಂದರು. ನಿಲ್ಲಿಸಿದರೆ ಹೆದರುತ್ತಾರೆ, ಮೊದಲು ಮಲಗಿಸಿ ತೇಲಿಸೋಣ, ನೀರಿನ ಮೇಲೆ ನಂಬಿಕೆ ಬರಲಿ ಅಂತ ಅವರ ಯೋಚನೆ. ಮಲಗಿಸುವಾಗ ಏನು ಹೇಳಬೇಕು? ನೀವು ಕಲಿತದ್ದು ಹೇಗೆ? ಬರೆದು ಕಳಿಸಿ.

ಗುಬ್ಬಿ


ಮಾರ್ಚ್ 16

ಗುಬ್ಬಿ,

ನೀನು ನನ್ನ ಮೇಲೆ ಹೊಟ್ಟೆಕಿಚ್ಚು ಪಟ್ಟೆ ಅನ್ನುವ ಸಾಲನ್ನು ಮತ್ತೆ ಮತ್ತೆ ಓದಿದೆ. ಈ ವಯಸ್ಸಿನಲ್ಲಿ ಇಂಥ ಸಾಲು ಯಾರಿಗೆ ಸಿಗುತ್ತದೆ? ಸುರಿಯಬೇಡ, ಇಟ್ಟುಕೊಂಡಿರು.

ಕಲಿಸಿದವರು ಯಾರೂ ಇಲ್ಲ. ನೀರು ಕುಡಿದು ಕುಡಿದು ಕಲಿತೆ. ಗೊತ್ತಿರುವುದನ್ನು ಹೇಳುತ್ತೇನೆ. ಮುಳುಗುವ ಹೆದರಿಕೆ ಇರುವವರು ತಲೆ ಎತ್ತಿ ಹಿಡಿಯುತ್ತಾರೆ. ತಲೆ ಎತ್ತಿದರೆ ಕಾಲು ಕೆಳಗೆ ಹೋಗುತ್ತದೆ, ಕಾಲು ಹೋದರೆ ಹೆದರಿಕೆ ಇನ್ನೂ ಹೆಚ್ಚಾಗುತ್ತದೆ. ತಲೆಯನ್ನು ಹಿಂದಕ್ಕೆ ಬಿಡಬೇಕು. ದಿಂಬಿನ ಮೇಲೆ ಹಾಕುತ್ತೇವಲ್ಲ, ಹಾಗೆ. ಹೊಟ್ಟೆ ಮೇಲಕ್ಕೆ. ಕಿವಿ ಎರಡೂ ಮುಳುಗಬೇಕು. ಕಿವಿ ಹೊರಗಿರುವವರೆಗೂ ಹೆದರಿಕೆ, ಮುಳುಗಿದ ಮೇಲೆ ಏನೋ ಒಂದು ಸುಮ್ಮನಾಗುತ್ತದೆ. ಅದನ್ನು ಬಾಯಲ್ಲಿ ವಿವರಿಸಬೇಡ, ಅವನಿಗೆ ಅವನ ಕವಿತೆಯನ್ನೇ ಓದಿ ಹೇಳು. ಎಲ್ಲಕ್ಕಿಂತ ಮುಖ್ಯ, ಹಿಡಿದವರು ಯಾವಾಗ ಬಿಡಬೇಕು ಅನ್ನುವುದನ್ನು ಹಿಡಿಸಿಕೊಂಡವರೇ ಹೇಳಬೇಕು. ಮೋಸ ಮಾಡಿ ಬಿಟ್ಟರೆ ಮತ್ತೆ ಯಾವತ್ತೂ ನಂಬುವುದಿಲ್ಲ.

ನನಗೆ ಈಗ ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿಯಲ್ಲಿ ಚೂರು ಉಳಿದಿದೆ. ಹೊಂಡದ ನೀರೇ ಕಾರಣ ಅಂತ ಡಾಕ್ಟರ್ ಆಗಲೇ ಹೇಳಿದ್ದರು. ರಸ್ತೆಯಲ್ಲಿ ನಡೆಯುವಾಗ ಬಸ್ಸುಗಳು ಸದ್ದಿಲ್ಲದೆ ಹೋಗುತ್ತವೆ. ನನಗಂತೂ ಊರು ನಿಂತು ಎಷ್ಟೋ ಕಾಲವಾಯಿತು. ಬೇಜಾರಾಗುತ್ತದೆ ಗುಬ್ಬಿ, ಕೆಲವು ದಿನ ತುಂಬಾ.

ಮುನ್ನುಡಿ ಎರಡು ಪುಟವಾಗಿದೆ. ಪ್ರೊಫೆಸರರ ಗರ್ಭ ಇನ್ನೂ ಒಳಗಿದೆ, ತೆಗೆಯಲು ಧೈರ್ಯ ಸಾಲದು. ಅವನಿಗೆ ಈಜು ಬರುತ್ತಿರಲಿಲ್ಲ ಅಂತ ಬರೆಯಲೋ ಬೇಡವೋ?

ಅತ್ತಿಗೆ


ಏಪ್ರಿಲ್ 5

ಅತ್ತಿಗೆ,

ಹೆಚ್ಚು ಬರೆಯಲು ಆಗುತ್ತಿಲ್ಲ. ಸೊಂಟ ಹಿಡಿದುಕೊಂಡಿದೆ, ಮಲಗಿಕೊಂಡೇ ಬರೆಯುತ್ತಿದ್ದೇನೆ.

ನಿನ್ನೆ ಕೈ ಬಿಟ್ಟೆ. ಅವರೇ ‘ಬಿಡು’ ಅಂದರು, ಈ ಸಲ ನನಗೆ ಅರ್ಥವಾಯಿತು. ಇಷ್ಟು ದಿನ ಅಷ್ಟು ಬಿಗಿಯಾಗಿ ಹಿಡಿದುಕೊಂಡದ್ದೇ ತಪ್ಪಾಯಿತೇನೋ. ಅಲ್ಲಿಯವರು ಒಳ್ಳೆಯವರು, ನೋಡಿಕೊಳ್ಳುತ್ತಾರೆ. ನನಗೆ ಎಷ್ಟೋ ದಿನದ ಮೇಲೆ ನಿದ್ದೆ ಬಂತು.

ಮಿಕ್ಕಿದ್ದು ಆಮೇಲೆ ಬರೆಯುತ್ತೇನೆ. ನಿಮ್ಮ ಮುನ್ನುಡಿಗೆ ಏನು ಬೇಕೋ ಬರೆದುಕೊಳ್ಳಿ.

ಗುಬ್ಬಿ


ಏಪ್ರಿಲ್ 11

ಗುಬ್ಬಿಗೆ,

ಕಾಗದ ತಲುಪಿತು.

ನಿನ್ನನ್ನು ಬಯ್ಯುವ ಹಕ್ಕು ನನಗಿಲ್ಲ. ಎತ್ತಿ ಇಳಿಸಿ ತೊಳೆದು ಒರೆಸಿದವಳು ನೀನು. ನಾನು ಇಲ್ಲಿ ಕೂತು ಕಾಗದದಲ್ಲಿ ಬುದ್ಧಿ ಹೇಳಿದವಳು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದರಲ್ಲಿ ನ್ಯಾಯ ಇರಲಿಕ್ಕಿಲ್ಲ.

ನನಗೆ ಒಂದು ಮಾತು ಹೇಳದೆ ಅವನನ್ನು ಅಲ್ಲಿಗೆ ಸೇರಿಸಿಬಿಟ್ಟೆಯಾ? ಗೋಡೆ ಬಿಟ್ಟರೆ ಏನೂ ಕಾಣದ ಆ ಕೋಣೆಗೆ? ‘ಬಿಡು’ ಅಂದರಂತೆ, ಅರ್ಥವಾಯಿತಂತೆ! ಗಾಳಿ ಬೇಕಾದರೂ ಬಿಡು, ಬೇಡವಾದರೂ ಬಿಡು ಅನ್ನುವವನ ಬಾಯಿಂದ ನಿನಗೆ ಬೇಕಾದ ಅರ್ಥವನ್ನೇ ಹೆಕ್ಕಿಕೊಂಡೆಯಲ್ಲ. ಆ ಪ್ರೊಫೆಸರರಿಗೂ ನಿನಗೂ ಏನು ವ್ಯತ್ಯಾಸ? ತಿಂಗಳ ಹಿಂದೆ, ಯಾವಾಗ ಬಿಡಬೇಕು ಅಂತ ಹಿಡಿಸಿಕೊಂಡವರೇ ಹೇಳಬೇಕು ಅಂತ ಬರೆದವಳು ನಾನೇ. ನನ್ನ ಮಾತನ್ನೇ ತಿರುಗಿಸಿ ನನಗೆ ಕೊಟ್ಟೆ.

ಅವನು ಹುಟ್ಟಿದಾಗ ನನ್ನ ಮಡಿಲಲ್ಲಿ ಹಾಕಿ ‘ಕೈ ಬಿಡಬೇಡ, ಜೋಪಾನ’ ಅಂದಿದ್ದಳು ಅಮ್ಮ. ಅಷ್ಟು ಚಿಕ್ಕವಳಿಗೆ ಅಂಥ ಮಾತು ಹೇಳಬಾರದು. ನಾನು ಇಷ್ಟು ದೂರ ಬಂದು ಕೂತು ಯಾವತ್ತೋ ಕೈ ಬಿಟ್ಟಿದ್ದೆ, ಆದರೆ ನೀನು ಹಿಡಿದಿದ್ದೀಯ ಅನ್ನುವ ಧೈರ್ಯವಿತ್ತು.

ಮುನ್ನುಡಿ ನಿಲ್ಲಿಸಿದ್ದೇನೆ. ಅಲ್ಲಿಯ ವಿಳಾಸ ಕಳಿಸು. ನಾನು ಹೋಗಿ ನೋಡುತ್ತೇನೆ.

ಅತ್ತಿಗೆ


ಏಪ್ರಿಲ್ 17

ಅತ್ತಿಗೆ,

ನಿಮ್ಮ ಕಾಗದವನ್ನು ಇವರ ಪಕ್ಕದಲ್ಲಿ ಕೂತು ಓದಿದೆ. ಇವರು ಇಲ್ಲೇ ಇದ್ದಾರೆ, ಕಿಟಕಿಯ ಹತ್ತಿರ. ಈಗ ತಾನೆ ಮುಖ ಕ್ಷೌರ ಮಾಡಿದ್ದೇನೆ.

ಅಯ್ಯೋ ಅತ್ತಿಗೆ, ನಾನು ಕೈ ಬಿಟ್ಟದ್ದು ನೀರಿನಲ್ಲಿ. ‘ಅಲ್ಲಿಯವರು’ ಅಂದರೆ ಕೊಳದವರು.

ಹೇಗಾಯಿತು ಅಂತ ಸರಿಯಾಗಿ ಬರೆಯುತ್ತೇನೆ. ಫಿಸಿಯೋ ಮೇಡಂ ಸೊಂಟದ ಕೆಳಗೆ ಕೈ ಕೊಟ್ಟಿದ್ದರು, ನಾನು ಎಡಗೈ ಹಿಡಿದಿದ್ದೆ. ನೀವು ಹೇಳಿದಂತೆ ಎಷ್ಟೋ ದಿನ ಮಾಡಿ ಮಾಡಿ, ಅವತ್ತು ತಲೆ ಹಿಂದಕ್ಕೆ ಬಿಟ್ಟರು. ಕಿವಿ ಎರಡೂ ಮುಳುಗಿದವು. ಧೈರ್ಯ ಹೇಳೋಣವೆಂದು ಬಾಯಿ ತೆಗೆದೆ, ಆಮೇಲೆ ಹೊಳೆಯಿತು, ನಾನು ಹೇಳಿದ್ದು ಇವರಿಗೆ ಕೇಳಿಸುವುದಿಲ್ಲ. ಏನು ಮಾಡುವುದೋ ತಿಳಿಯದೆ ನಾನೂ ತಲೆ ಹಿಂದಕ್ಕೆ ಬಾಗಿಸಿ ಕಿವಿ ಮುಳುಗಿಸಿದೆ. ಊರು ನಿಂತೇ ಹೋಯಿತು ಅತ್ತಿಗೆ. ಬಾಗಿಲು ಬಡಿಯುವುದು, ಅಜ್ಜಿಯರ ಮಾತು, ನನ್ನ ತಲೆಯೊಳಗೆ ಸದಾ ಓಡುವ ಮೆಷಿನ್ನು, ಎಲ್ಲ ನಿಂತಿತು. ನೀವು ಚಿಕ್ಕಂದಿನಲ್ಲಿ ಹೇಳಿದ್ದು, ಇವರು ಬರೆದದ್ದು ಅವತ್ತು ನನ್ನ ಪಾಲಿಗೂ ಬಂತು.

ತಲೆ ಎತ್ತಿ ನೋಡಿದರೆ ಇವರು ನನ್ನನ್ನೇ ನೋಡುತ್ತಿದ್ದರು. ಬೆರಳು ಒಂದೊಂದೇ ಸಡಿಲ ಮಾಡುತ್ತಿದ್ದರು. “ಬಿಡು” ಅಂದರು. ನೀವು ಕೇಳಿದ್ದಿರಲ್ಲ, ಉದ್ದವೋ ತುಂಡೋ ಅಂತ. ಉದ್ದವಾಗಿತ್ತು, ಕೊನೆಯಲ್ಲಿ ಚೂರು ನಗು ಇತ್ತು. ಬಿಟ್ಟೆ. ಮೇಡಂ ಕೂಡ ಕೈ ತೆಗೆದರು. ಊಟವಾದ ಮೇಲೆ ಮಂಚಕ್ಕೆ ಅಡ್ಡಾದವರ ಹಾಗೆ ಹೊಟ್ಟೆ ಮೇಲೆ ಮಾಡಿಕೊಂಡು ತೇಲಿದರು. ಸ್ವಲ್ಪ ಹೊತ್ತೇ. ಆಮೇಲೆ ಮೂಗಿಗೆ ನೀರು ಹೋಗಿ ಕೆಮ್ಮಿ ರಂಪ ಮಾಡಿದರು. ಮನೆಗೆ ಬಂದ ಮೇಲೆ ನೆಗಡಿಯೂ ಆಯಿತು, ನಿಮ್ಮ ಮುನ್ನುಡಿಗೆ ಬೇಕಾದರೆ ಹಾಕಿಕೊಳ್ಳಿ.

ನೀವು ತಪ್ಪಾಗಿ ಓದಿದಿರಿ ಅಂತ ಬರೆದು ಇಲ್ಲಿಗೆ ಮುಗಿಸಬೇಕು ಅಂತ ಕೂತೆ. ಆಗುತ್ತಿಲ್ಲ.

ಆ ದಿನ ಬೆಳಿಗ್ಗೆ, ಕೊಳಕ್ಕೆ ಹೋಗುವ ಮುಂಚೆ, ನಾನು ಆರೈಕೆ ಮನೆಗೆ ಹೋಗಿ ಒಪ್ಪಿಕೊಂಡು ಬಂದಿದ್ದೆ. ಮುಂದಿನ ತಿಂಗಳು ಕೋಣೆ ಖಾಲಿಯಾಗುತ್ತದಂತೆ. ಅದರ ಹಿಂದಿನ ವಾರ ಇವರು ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಎತ್ತಲು ಹೋಗಿ ನನ್ನ ಸೊಂಟ ಕಳಕ್ ಅಂತು. ಪಕ್ಕದ ಮನೆಯವರು ಕೆಲಸದಿಂದ ಬರುವವರೆಗೂ ಇಬ್ಬರೂ ಒದ್ದೆ ನೆಲದ ಮೇಲೆ ಗೋಡೆಗೊರಗಿ ಕೂತಿದ್ದೆವು. ತೇಲಿದ್ದು ನಿಜ, ಆದರೆ ನಿಲ್ಲುವುದು ಇನ್ನೂ ದೂರದ ಮಾತು. ನನ್ನ ಕೈಯಲ್ಲಿ ಇನ್ನು ಆಗುವುದಿಲ್ಲ ಅತ್ತಿಗೆ. ಇವರ ಮೇಲೆ ಪ್ರೀತಿ ಕಡಿಮೆಯಾಗಿಲ್ಲ, ಸೊಂಟ ಹೋಗಿದೆ, ಅಷ್ಟೇ.

ಹಾಗಾಗಿ ಆ ಕಾಗದ ಬರೆಯುವಾಗ ನನ್ನ ಬಳಿ ಎರಡು ಸುದ್ದಿ ಇದ್ದವು. ಒಂದನ್ನು ಬರೆಯಬೇಕು ಅಂತ ಕೂತೆ, ಇನ್ನೊಂದು ತಾನಾಗಿ ಒಳಗೆ ನುಗ್ಗಿತು. ನೀವು ಓದಿದ್ದು ಆ ಇನ್ನೊಂದನ್ನ. ಇವರಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಏನು ಅನ್ನುತ್ತಾರೆ ಅಂತ ಗೊತ್ತು. ಅದು ಯಾವ ‘ಬಿಡು’ ಅಂತ ಗೊತ್ತಾಗುವುದಿಲ್ಲವಲ್ಲ, ಅದೇ ಹೆದರಿಕೆ.

ಇನ್ನು ನೀವು ಬಯ್ಯಬಹುದು.

ಗುಬ್ಬಿ


ಏಪ್ರಿಲ್ 22

ಗುಬ್ಬಿ,

ಜೀವಮಾನವೆಲ್ಲ ಬೇರೆಯವರ ತಪ್ಪು ಹಿಡಿದವಳು ನಿನ್ನ ನಾಲ್ಕು ಸಾಲು ಓದಲಾರದೆ ಹೋದೆ. ಕ್ಷಮಿಸು. ಹೋದ ಕಾಗದವನ್ನು ಹರಿದುಹಾಕು. ಅಥವಾ ಇಟ್ಟುಕೋ, ಮುಂದೆ ಜಗಳವಾಡುವಾಗ ಬೇಕಾಗುತ್ತದೆ.

ಒಪ್ಪಿಕೊಂಡು ಬಂದದ್ದು ತಪ್ಪಲ್ಲ. ಆರೈಕೆ ಮನೆಯವರಿಗೆ ಬೇಡ ಅನ್ನಬೇಡ, ಕೋಣೆ ಇರಲಿ. ಬೇಕೇ ಬೇಕಾದರೆ ಅವನ ಬ್ಯಾಗು ಹಿಡಿದುಕೊಂಡು ನಾನೂ ನಿನ್ನ ಜೊತೆ ಬರುತ್ತೇನೆ. ಕೈ ಬಿಟ್ಟ ಹೆಸರು ನಿನ್ನೊಬ್ಬಳಿಗೇ ಯಾಕೆ? ಮೇಲಿನ ಕಿಟಕಿ ಕಾಣುವಂತೆ ಎತ್ತರದ ಕುರ್ಚಿ ಒಂದನ್ನು ಕೇಳೋಣ. ಅಷ್ಟರವರೆಗೆ ಒಂದಷ್ಟು ವಾರ ಇವೆ.

ಮುನ್ನುಡಿಯಿಂದ ಪ್ರೊಫೆಸರರ ನೀರನ್ನೆಲ್ಲ ಬಸಿದು ಚೆಲ್ಲಿದೆ. ಉಳಿದದ್ದು ಒಂದು ಪುಟ. ಹೀಗೆ ಶುರುವಾಗುತ್ತದೆ: ‘ಈ ಕವಿತೆಗಳನ್ನು ಬರೆದಾಗ ಕವಿಗೆ ಈಜು ಬರುತ್ತಿರಲಿಲ್ಲ. ಈಗ ಕಲಿಯುತ್ತಿದ್ದಾನೆ.’ ಪ್ರಕಾಶಕರಿಗೆ ಹತ್ತು ಪುಟ ಬೇಕಾದರೆ ಅವರೇ ಬರೆದುಕೊಳ್ಳಲಿ.

ಗುರುವಾರದ ರೈಲಿಗೆ ಬರುತ್ತಿದ್ದೇನೆ. ಸ್ಟೇಷನ್ನಿಗೆ ಬರಬೇಡ, ಸೊಂಟ ನೋಡಿಕೋ. ಕಿವಿಯ ಡಾಕ್ಟರನ್ನು ಕೇಳಿದೆ, ನೀರಿಗೆ ಇಳಿಯಲೇಬಾರದು, ಉಳಿದ ಚೂರೂ ಹೋಗುತ್ತದೆ ಅಂದರು. ಆ ಚೂರಿನಲ್ಲಿ ನನಗೆ ಕೇಳಿಸುವುದು ಪಕ್ಕದ ಮನೆಯ ಮಿಕ್ಸಿ ಮಾತ್ರ. ಹೋದರೆ ಹೋಗಲಿ ಬಿಡು. ಹೋಗುವ ಮುಂಚೆ ಅವನ ‘ಬಿಡು’ ಒಂದನ್ನು ಕೇಳಿಸಿಕೊಂಡರೆ ಸಾಕು.

ಇನ್ನು ಮೇಲೆ ಕೊಳಕ್ಕೆ ಅವನ ಜೊತೆ ನಾನು ಇಳಿಯುತ್ತೇನೆ. ನೀನು ಇಳಿಯಬೇಡ. ಮೇಲೆ ಬೆಂಚಿನ ಮೇಲೆ ಕಾಲು ಚಾಚಿ ಕೂತು ನಮ್ಮಿಬ್ಬರ ಬಟ್ಟೆ ಕಾಯಿ. ಅದೂ ಒಂದು ಕೆಲಸವೇ, ಅದನ್ನು ಮಾಡಿ ಮಾಡಿಯೇ ಅವನು ಕವಿಯಾದದ್ದು. ನಿದ್ದೆ ಬಂದರೆ ಮಲಗಿಬಿಡು, ಮುದುಕರ ಬಟ್ಟೆ ಯಾರೂ ಕದಿಯುವುದಿಲ್ಲ.

ನಾವು ನಡುಗುತ್ತಾ ಮೇಲೆ ಬಂದಾಗ ಟವೆಲ್ ಕೊಡುವ ಮುಂಚೆ ಕೇಳು, ಒಳಗೆ ಹೇಗಿತ್ತು ಅಂತ. ಇಬ್ಬರೂ ಹೇಳುತ್ತೇವೆ.

ಅತ್ತಿಗೆ